ಗದ್ದೆ ಬಯಲಿನ ಲೇಔಟ್‌ನಲ್ಲಿ ಸೈಟ್ ತಗೊಳ್ಳುವ ಮುಂಚೆ

ಅಕ್ಕಾ, ದಾವಣಗೆರೆ ಹೊರಗಿನ ಹೊಸ ಲೇಔಟ್‌ನಲ್ಲಿ 30×40 ಸೈಟ್ ನೋಡಿದ್ದೇವೆ, ಅಡ್ವಾನ್ಸ್ ಕೊಡುವ ಮುಂಚೆ ಏನು ವಿಚಾರಿಸಬೇಕು ಅಂತ ಕೇಳಿದ್ದೀರಿ. ಕಾಗದಪತ್ರ ಆಮೇಲೆ. ಮೊದಲು ನೀರು ನೋಡಿ.

ನಮ್ಮೂರ ಸುತ್ತ ಎಷ್ಟೋ ಲೇಔಟ್‌ಗಳು ಮೊದಲು ಭದ್ರಾ ನಾಲೆಯ ಗದ್ದೆಗಳು. ಗದ್ದೆಗೆ ನೀರು ತರುವ ಕಾಲುವೆ ಬೇರೆ, ಹೆಚ್ಚಾದದ್ದನ್ನು ಹಳ್ಳಕ್ಕೆ ಒಯ್ಯುವ ಬಸಿಗಾಲುವೆ ಬೇರೆ. ಎಷ್ಟೋ ಕಡೆ ಎರಡನ್ನೂ ಮುಚ್ಚಿ, ಮೇಲೆ ಮಣ್ಣು ಹೊಡೆಸಿ ರಸ್ತೆ ಮಾಡುತ್ತಾರೆ. ಪಕ್ಕದಲ್ಲಿ ಇನ್ನೂ ಭತ್ತ ಬೆಳೆಯುತ್ತಿರುತ್ತಾರೆ ಅಲ್ವಾ, ಆ ನೀರು ಎಲ್ಲಿಗೆ ಹೋಗಬೇಕು? ನಮ್ಮ ಬೀದಿಯಲ್ಲಿ ಒಬ್ಬರು ಸಂಪ್ ತೋಡಿಸುವಾಗ ಮಳೆಯೇ ಇರಲಿಲ್ಲ, ನಾಲೆಗೆ ನೀರು ಬಿಟ್ಟಿದ್ದರು ಅಷ್ಟೇ, ಸೊಂಟದ ಆಳಕ್ಕೇ ಬಸಿನೀರು ಜಿನುಗಿ ಗುಂಡಿ ತುಂಬಿತು. ನಮ್ಮ ಬೀದಿಗೆ ಚರಂಡಿ ಏನೋ ಚೆನ್ನಾಗಿ ಕಟ್ಟಿದ್ದಾರೆ, ಆದರೆ ಕೊನೆ ಸೈಟಿನ ಹತ್ತಿರ ನಿಂತುಬಿಟ್ಟಿದೆ. ಮುಂದೆ ಯಾವುದಕ್ಕೂ ಸೇರಿಲ್ಲ. ನೀವು ಚರಂಡಿ ಜೊತೆಗೇ ನಡೆದು ಅದು ಎಲ್ಲಿ ಮುಗಿಯುತ್ತೆ ನೋಡಿ.

ಇನ್ನು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತೆ. ಪಕ್ಕದ ಮನೆ ಕಾಂಪೌಂಡ್ ಗೋಡೆಯ ಬಿರುಕಲ್ಲಿ ಏಪ್ರಿಲ್‌ನಲ್ಲಿ ಬೆರಳು ತೂರುತ್ತೆ, ಮಳೆಗಾಲದಲ್ಲಿ ಅದೇ ಬಿರುಕು ಮುಚ್ಚಿಕೊಳ್ಳುತ್ತೆ. ಗಟ್ಟಿ ನೆಲ ಸಿಗುವವರೆಗೂ ಪಾಯ ಅಗೆಸಬೇಕು. ಅಗ್ಗಕ್ಕೆ ಸಿಕ್ಕಿತು ಅಂದುಕೊಂಡ ದುಡ್ಡೆಲ್ಲ ಅಲ್ಲೇ ಹೋಗುತ್ತೆ. ಅಡ್ವಾನ್ಸ್‌ಗೆ ಮುಂಚೆ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಒಂದು ಕಡೆ ಗುಂಡಿ ತೆಗೆಸಿ ನೋಡಿ.

ಕಾಗದದಲ್ಲಿ ಜಮೀನು ಅಲಿನೇಷನ್ ಆಗಿದೆಯಾ, ಅಂದರೆ ಕೃಷಿಯಿಂದ ಮನೆ ಕಟ್ಟುವ ಬಳಕೆಗೆ ಬದಲಾಗಿದೆಯಾ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ ಇದೆಯಾ, ನಿಮ್ಮ ಸೈಟನ್ನು ಮಾರಲು ಅವರು ಬಿಡುಗಡೆ ಮಾಡಿದ್ದಾರಾ, ಇ-ಖಾತಾ ಸಿಗುತ್ತಾ ಕೇಳಿ. 500 ಚದರ ಮೀಟರ್ ಮೀರಿದ ಹೊಸ ಲೇಔಟ್ ಆದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಲೇಬೇಕು. ರಸ್ತೆ, ಪಾರ್ಕ್ ಜಾಗ ಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರ ಆಗಿದೆಯಾ ಅನ್ನೋದನ್ನು ಜಾಸ್ತಿ ಜನ ಕೇಳುವುದೇ ಇಲ್ಲ. ಅದು ಆಗದಿದ್ದರೆ ಬೀದಿದೀಪ ಕೆಟ್ಟರೂ ಯಾರೂ ಬರುವುದಿಲ್ಲ, ಸುಮ್ನೆ ಅಲೆದಾಟ. ದಾವಣಗೆರೆ ಸ್ಮಾರ್ಟ್ ಸಿಟಿ ಅಂತ 2016ರಲ್ಲಿ ಮೊದಲ 20 ಊರುಗಳ ಪಟ್ಟಿಯಲ್ಲೇ ಬಂತು, ನಿಜ. ಅದನ್ನೇ ಹೇಳಿ ರೇಟ್ ಏರಿಸುವವರಿಗೆ ನಿಮ್ಮ ಲೇಔಟ್‌ಗೆ ಅದರಿಂದ ಏನು ಬಂದಿದೆ ಅಂತ ನೇರವಾಗಿ ಕೇಳಿ.

ಕಂದಾಯ ಇಲಾಖೆಯ ಗ್ರಾಮ ನಕ್ಷೆ ಆನ್‌ಲೈನ್‌ನಲ್ಲೇ ಸಿಗುತ್ತೆ. ಹಳ್ಳ ಎಲ್ಲಿತ್ತು, ದಾರಿ ಎಲ್ಲಿತ್ತು ಅದರಲ್ಲಿ ಕಾಣುತ್ತೆ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಹಳ್ಳ, ದಾರಿಯಂಥ ಜಾಗ, ಎಷ್ಟು ಅಂತಲೂ ನೋಡಿ. ಏಜೆಂಟ್ ಇಲ್ಲದೆ, ನಾಲೆಯಲ್ಲಿ ನೀರು ಹರಿಯುವ ದಿನಗಳಲ್ಲಿ ಹೋಗಿ ಪಕ್ಕದ ಗದ್ದೆಯವರನ್ನು ಮಾತಾಡಿಸಿ. ಸರ್ವೆ ನಂಬರ್ ಗೊತ್ತಿದ್ದರೆ ನಕ್ಷೆ ಓದುವುದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ.