ಕಪ್ಪುವರ್ಣೀಯರ ಹಕ್ಕಿಗೆ ಮತ ಹಾಕಿದ್ದು ಯಾವ ಪಕ್ಷ?

ಪ್ರಶ್ನೆ: ಸರ್, ನಾಗರಿಕ ಸೇವಾ ಪರೀಕ್ಷೆಗೆ ವಿಶ್ವ ಇತಿಹಾಸ ಓದುತ್ತಿದ್ದೇನೆ. ಕಪ್ಪುವರ್ಣೀಯರ ಮತದಾನಕ್ಕಿದ್ದ ಅಡ್ಡಿಗಳನ್ನು ತೆಗೆದ ಅಮೆರಿಕದ 1965ರ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದ್ದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್. ಆದರೆ ಅದನ್ನು ದಾಟಿಸಿದ್ದು ರಿಪಬ್ಲಿಕನ್ನರು ಎಂದು ಗೆಳೆಯನೊಬ್ಬ ಹಟ ಹಿಡಿದಿದ್ದಾನೆ. ಯಾರ ಮಾತು ಸರಿ?

ಉತ್ತರ (ಇತಿಹಾಸ ಅಧ್ಯಾಪಕ): ನಿಮ್ಮ ಗೆಳೆಯರ ಲೆಕ್ಕ ಸುಳ್ಳಲ್ಲ, ತೀರ್ಮಾನ ಮಾತ್ರ ಅವಸರದ್ದು. 1965ರ ಆಗಸ್ಟ್‌ನ ಅಂತಿಮ ಮತದಾನದಲ್ಲಿ ಕೆಳಮನೆಯ ಡೆಮಾಕ್ರಟರು 217 ಪರ, 54 ವಿರೋಧ; ರಿಪಬ್ಲಿಕನ್ನರು 111 ಪರ, 20 ವಿರೋಧ. ಸೆನೆಟ್‌ನಲ್ಲಿ 49–17 ಮತ್ತು 30–1. ತಲೆ ಎಣಿಸಿದರೆ ಡೆಮಾಕ್ರಟರು ಮುಂದೆ, ಶೇಕಡಾವಾರು ನೋಡಿದರೆ ರಿಪಬ್ಲಿಕನ್ನರು ಮುಂದೆ. ವಾದ ಮಾಡುವವರು ತಮಗೆ ಬೇಕಾದ ಸಾಲನ್ನು ಮಾತ್ರ ಓದುತ್ತಾರೆ.

ಡೆಮಾಕ್ರಟಿಕ್ ಪಕ್ಷ ಆಗ ಒಂದೇ ಸೂರಿನಡಿ ಎರಡು ಒಲೆ ಹೂಡಿದ ಮನೆ. ಹಿಂದಿನ ವರ್ಷ ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕು ಕಾಯ್ದೆಯ ಸೆನೆಟ್ ಮತವನ್ನೇ ಪ್ರದೇಶವಾರು ಬಿಡಿಸಿ ನೋಡಿ. ಅಂತರ್ಯುದ್ಧದಲ್ಲಿ ಒಕ್ಕೂಟದಿಂದ ಸಿಡಿದುಹೋಗಿದ್ದ 11 ದಕ್ಷಿಣ ರಾಜ್ಯಗಳ 21 ಡೆಮಾಕ್ರಟರಲ್ಲಿ ಒಪ್ಪಿದವರು ಒಬ್ಬರೇ, ಟೆಕ್ಸಸ್‌ನ ರಾಲ್ಫ್ ಯಾರ್ಬರೋ. ಅಲ್ಲಿದ್ದ ಏಕೈಕ ರಿಪಬ್ಲಿಕನ್ ಜಾನ್ ಟವರ್ ಕೂಡ ವಿರೋಧಿಸಿದರು. ಉಳಿದ ರಾಜ್ಯಗಳಲ್ಲಿ ಡೆಮಾಕ್ರಟರು 45–1, ರಿಪಬ್ಲಿಕನ್ನರು 27–5. ಗಮನಿಸಿದಿರಾ? ದಕ್ಷಿಣದಲ್ಲೂ ಹೊರಗೂ ಡೆಮಾಕ್ರಟರ ಬೆಂಬಲದ ಪ್ರಮಾಣವೇ ಹೆಚ್ಚು. ಆದರೂ ದಕ್ಷಿಣದ ವಿರೋಧ ಮತಗಳು ಬಹುಪಾಲು ಡೆಮಾಕ್ರಟರವೇ ಆದ್ದರಿಂದ, ಎರಡನ್ನೂ ಕೂಡಿಸಿದರೆ 46–21 ಮತ್ತು 27–6 ಆಗಿ, ರಿಪಬ್ಲಿಕನ್ನರು ಮುಂದೆ ಬಂದುಬಿಡುತ್ತಾರೆ! ಸಂಖ್ಯಾಶಾಸ್ತ್ರದವರಿಗೆ ಇದು ಹಳೆಯ ತಮಾಷೆ.

ಹಾಗೆಂದು ರಿಪಬ್ಲಿಕನ್ನರ ಪಾಲನ್ನು ಕಡೆಗಣಿಸುವಂತಿಲ್ಲ. 1964ರಲ್ಲಿ ದಕ್ಷಿಣದವರು ವಾರಗಟ್ಟಲೆ ಭಾಷಣ ಮಾಡಿಯೇ ಮಸೂದೆಯನ್ನು ಕಟ್ಟಿಹಾಕಿದ್ದರು. ಚರ್ಚೆ ನಿಲ್ಲಿಸಲು 67 ಮತ ಬೇಕಿತ್ತು, ಡೆಮಾಕ್ರಟರಿಂದ ಸಿಕ್ಕಿದ್ದು 44. ಇಲಿನಾಯ್‌ನ ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್ಸನ್ ತಮ್ಮವರನ್ನು ಒಲಿಸಿದ್ದರಿಂದ ಇನ್ನೂ 27 ಬಂದವು. ಆ ಮತ ನಡೆದ ಜೂನ್ 10ರಂದು ಮೆದುಳಿನ ಗಡ್ಡೆಯಿಂದ ಮಾತು ಕಳೆದುಕೊಂಡಿದ್ದ ಕ್ಯಾಲಿಫೋರ್ನಿಯಾದ ಡೆಮಾಕ್ರಟಿಕ್ ಸೆನೆಟರ್ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಸದನಕ್ಕೆ ಕರೆತಂದರು. ಹೆಸರು ಕೂಗಿದಾಗ ಅವರು ತಮ್ಮ ಕಣ್ಣಿನತ್ತ ಬೆರಳು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಸದನದ ಸಮ್ಮತಿಗೂ ಉಚ್ಚಾರ ಒಂದೇ, ‘ಐ’. ನಾನು ತರಗತಿಯಲ್ಲಿ ಈ ಪ್ರಸಂಗವನ್ನು ಒಮ್ಮೆಯೂ ಬಿಟ್ಟಿಲ್ಲ.

ಪ್ರಶ್ನೆ: ಹಾಗಾದರೆ ಆ ದಕ್ಷಿಣದವರು ಮುಂದೆ ಎಲ್ಲಿಗೆ ಹೋದರು?

ಉತ್ತರ: ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ 1964ರಲ್ಲೇ ರಿಪಬ್ಲಿಕನ್ ಆದರು. ಅದೇ ವರ್ಷ ನಾಗರಿಕ ಹಕ್ಕು ಕಾಯ್ದೆಯನ್ನು ವಿರೋಧಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದದ್ದು ಆರೇ ರಾಜ್ಯ: ಸ್ವಂತ ಅರಿಜೋನಾ ಮತ್ತು ಐದು ದಕ್ಷಿಣ ರಾಜ್ಯಗಳು. ಆದರೆ ಎಲ್ಲರೂ ರಾತ್ರೋರಾತ್ರಿ ಪಕ್ಷ ಬದಲಿಸಲಿಲ್ಲ. ಬಹುತೇಕ ಹಳಬರು ಡೆಮಾಕ್ರಟರಾಗಿಯೇ ಉಳಿದರು, ಅವರ ಜಾಗಕ್ಕೆ ನಿಧಾನವಾಗಿ ಹೊಸ ರಿಪಬ್ಲಿಕನ್ನರು ಬಂದರು. 2006ರಲ್ಲಿ ಮತದಾನ ಹಕ್ಕು ಕಾಯ್ದೆಯನ್ನು ನವೀಕರಿಸುವಾಗ ಸೆನೆಟ್‌ನಲ್ಲಿ 98–0, ಕೆಳಮನೆಯಲ್ಲಿ 390–33. ಆ 33 ಮಂದಿಯೂ ರಿಪಬ್ಲಿಕನ್ನರೇ.

ಪ್ರಶ್ನೆ: ಧನ್ಯವಾದ ಸರ್. ಗೆಳೆಯನಿಗೆ ಕಳುಹಿಸಿದ್ದೇನೆ. ಮೊದಲ ಸಾಲು ಓದಿ ‘ನೋಡಿದೆಯಾ’ ಎಂದಿದ್ದಾನೆ, ಉಳಿದದ್ದನ್ನು ಇನ್ನೂ ಓದಿಲ್ಲ.