ಸಂವಹನ ಮತ್ತು ಸಾಮಾಜಿಕ ಬದಲಾವಣೆಯಲ್ಲಿ ಎಂ.ಎ. ಮಾಡಬಹುದೇ? ಓದಿದವರು ದಯವಿಟ್ಟು ತಿಳಿಸಿ

ಪ್ರಶ್ನೆ – ಹೊಸನಗರ ತಾಲ್ಲೂಕಿನಿಂದ

ಶಿವಮೊಗ್ಗದಲ್ಲಿ ಬಿ.ಎ. ಮುಗಿಸಿ, ಎರಡು ವರ್ಷದಿಂದ ಸ್ವಸಹಾಯ ಸಂಘಗಳ ಒಕ್ಕೂಟವೊಂದರಲ್ಲಿ ದಾಖಲೆ ಬರೆಯುವ ಕೆಲಸದಲ್ಲಿದ್ದೇನೆ. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಸಂವಹನ ಮತ್ತು ಸಾಮಾಜಿಕ ಬದಲಾವಣೆ ಎಂಬ ಎರಡು ವರ್ಷದ ಎಂ.ಎ.ಗೆ ಸೀಟು ಸಿಕ್ಕಿದೆ. ಒಟ್ಟು ಖರ್ಚು ಆರು ಲಕ್ಷ ದಾಟುತ್ತದೆ. ಮನೆಯಲ್ಲಿರುವುದು ಒಂದು ಎಕರೆ ಅಡಿಕೆ ತೋಟ. ಎಲೆಚುಕ್ಕೆ ರೋಗದಿಂದ ಫಸಲು ಇಳಿದಿದೆ. ತಂದೆಯವರಿಗೆ ಮಂಡಿನೋವು ಇರುವುದರಿಂದ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ನಾನು ಊರಿನಲ್ಲಿರಲೇಬೇಕು. ಸಾಲ ಮಾಡಿ ಹೋಗುವುದೋ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ತೆಗೆದುಕೊಳ್ಳುವುದೋ ತಿಳಿಯುತ್ತಿಲ್ಲ. ಹದಿನೈದು ದಿನದೊಳಗೆ ಮೊದಲ ಕಂತು ಕಟ್ಟಬೇಕಾಗಿದೆ.

ಉತ್ತರ – ಸಾಗರದ ಕಡೆಯವಳು

ನಾನು ಇದೇ ವಿಷಯವನ್ನು ಹೊರರಾಜ್ಯದಲ್ಲಿ ಓದಿ ಬಂದವಳು. ಲೆಕ್ಕವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಬೋಧನಾ ಶುಲ್ಕ 1,30,000ದಂತೆ ನಾಲ್ಕು ಕಂತು. ಹಾಸ್ಟೆಲ್ಲಿಗೆ ತಿಂಗಳಿಗೆ 7,800. ಲ್ಯಾಪ್‌ಟಾಪ್ 46,000. ಕ್ಷೇತ್ರಕಾರ್ಯದ ಹನ್ನೊಂದು ವಾರದ ಓಡಾಟ, ಊಟ, ಛಾಪಿಸುವ ಖರ್ಚು ಸೇರಿ 23,400. ಇದು ಯಾವ ಕೈಪಿಡಿಯಲ್ಲೂ ನಮೂದಾಗಿರುವುದಿಲ್ಲ. 6,50,000 ರೂಪಾಯಿ ಸಾಲ ಮಾಡಿದೆ. ಓದುವ ಎರಡು ವರ್ಷ ಮತ್ತು ಮುಗಿದ ಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದಾಗ ತಂದೆಯವರೂ ನಾನೂ ನಿರಾಳವಾಗಿದ್ದೆವು. ಕಂತು ನಿಂತಿರುತ್ತದೆ, ಬಡ್ಡಿ ನಿಂತಿರುವುದಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಬಡ್ಡಿಯೇ ಒಂದೂವರೆ ಲಕ್ಷ ದಾಟಿತ್ತು. ಈಗ ಹತ್ತು ವರ್ಷದ ಕಂತು ತಿಂಗಳಿಗೆ 10,843. ನನ್ನ ಮೊದಲ ಸಂಬಳ ಬೆಂಗಳೂರಿನ ಸಂಸ್ಥೆಯೊಂದರಲ್ಲಿ 24,000, ಕೋಣೆಯ ಬಾಡಿಗೆ 8,500. ಉಳಿದದ್ದನ್ನು ನೀವೇ ಕಳೆದು ನೋಡಿ.

ಬ್ಯಾಂಕಿನಲ್ಲಿ ನಲವತ್ತು ದಿನ ಅಲೆದೆ. ಏಳೂವರೆ ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಸ್ಥಿರಾಸ್ತಿಯ ಅಡಮಾನ ಬೇಕಿಲ್ಲವೆಂಬುದು ನಿಯಮ. ಆದರೂ ಶಾಖೆಯವರು ಪಹಣಿ ಕೇಳಿದರು, ಮ್ಯುಟೇಶನ್ ಪ್ರತಿ ಕೇಳಿದರು, ಕೊನೆಗೆ ಚಿಕ್ಕಪ್ಪನ ಸಹಿಯನ್ನೂ ಕೇಳಿದರು. ಕಂತು ತಡವಾದದ್ದಕ್ಕೆ ವಿಶ್ವವಿದ್ಯಾಲಯ 5,000 ದಂಡ ಹಾಕಿತು. ಕೊನೆಗೆ ಬ್ಯಾಂಕಿಗೆ ನಿಯಮ ತೋರಿಸಿ ಲಿಖಿತವಾಗಿ ಅರ್ಜಿ ಕೊಟ್ಟ ಮರುದಿನವೇ ಸಾಲ ಮಂಜೂರಾಯಿತು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲೇ ಇಲ್ಲವೆನ್ನುತ್ತಾರೆ, ಬರೆದು ಕೊಟ್ಟದ್ದಕ್ಕೆ ಬರೆದೇ ಉತ್ತರಿಸಬೇಕಾಗುತ್ತದೆ.

ಇಷ್ಟಾದರೂ ಓದಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಎವೆರೆಟ್ ರೋಜರ್ಸ್ ಹೊಸ ಪದ್ಧತಿಗಳು ಹೇಗೆ ಹಬ್ಬುತ್ತವೆಂದು ಜೀವನವಿಡೀ ಅಧ್ಯಯನ ಮಾಡಿದವರು. ಅಮೆರಿಕದ ಅಯೋವಾದಲ್ಲಿ ರೈತನಾಗಿದ್ದ ಅವರ ತಂದೆಯೇ ಹೈಬ್ರಿಡ್ ಮೆಕ್ಕೆಜೋಳವನ್ನು ಒಪ್ಪದೆ 1936ರ ಬರದಲ್ಲಿ ನಷ್ಟ ಅನುಭವಿಸಿದ್ದರೆಂದು ತರಗತಿಯಲ್ಲಿ ಕೇಳಿದ ದಿನ, ಅಡಿಕೆಯ ಕೊಳೆರೋಗಕ್ಕೆ ಮಾಡುವ ಬೋರ್ಡೋ ಸಿಂಪಡಣೆಯ ವಿಷಯದಲ್ಲಿ ನನ್ನ ತಂದೆಯೊಂದಿಗೆ ಆಡಿದ ಜಗಳಗಳೆಲ್ಲ ನೆನಪಾದವು. ಒಪ್ಪದವನು ದಡ್ಡನೆಂದು ತಿಳಿಯುವ ಅಭ್ಯಾಸ ನನಗೆ ಅಂದಿನಿಂದ ಹೋಯಿತು.

ಕ್ಷೇತ್ರಕಾರ್ಯಕ್ಕೆ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಆರಿಸಿಕೊಂಡೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಲಸಿಕೆಯ ಸಾಮರ್ಥ್ಯ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ ಮೇಲೆ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯೇ ಮುಖ್ಯ ಆಸರೆಯಾಯಿತು. ಮನೆಮನೆಗೆ ಬಾಟಲಿ ತಲುಪಿದ್ದರೂ ಜನ ಹಚ್ಚುತ್ತಿರಲಿಲ್ಲ. ನಾನು ಬಣ್ಣದ ಕರಪತ್ರ ಹಿಡಿದು ಹೋದೆ. ಒಂದು ಮನೆಯ ಅಜ್ಜಿ ಆ ಕರಪತ್ರವನ್ನು ಓದಿಸಿ ಕೇಳಿ, ಮಡಿಸಿ ಹಾಲಿನ ಪಾತ್ರೆಯ ಮೇಲಿಟ್ಟು, ತನ್ನ ಬಲಗೈಗೆ ನಾಲ್ಕು ಹನಿ ಎಣ್ಣೆ ಹಚ್ಚಿಕೊಂಡು ಸೊಪ್ಪಿನ ಕತ್ತಿಯನ್ನು ನನ್ನ ಮುಂದೆ ಎತ್ತಿ ಹಿಡಿದರು. ಹಿಡಿ ಅಂಗೈಯಲ್ಲಿ ಜಾರಿ ಕತ್ತಿ ಅಡ್ಡಕ್ಕೆ ತಿರುಗಿತು. "ಇದನ್ನು ಹಚ್ಚಿಕೊಂಡು ಮರ ಹತ್ತಲಾ?" ಎಂದರು. ಅಂಗೈ ಬಿಟ್ಟು ಕಾಲು, ಮುಂಗೈ, ಕುತ್ತಿಗೆಗೆ ಹಚ್ಚಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯಬೇಕೆಂದು ಕರಪತ್ರವನ್ನು ತಿದ್ದಿದೆವು. ಆ ಒಂದು ಸಾಲು ನನ್ನ ಎರಡು ವರ್ಷದ ಓದಿನ ಫಲವೆಂದು ಇಂದಿಗೂ ಹೆಮ್ಮೆಪಡುತ್ತೇನೆ.

ಉತ್ತರ – ಶಂಕರಘಟ್ಟದಲ್ಲಿ ಓದಿದವನು

ಮೇಲಿನವರು ಆರೂವರೆ ಲಕ್ಷ ಸಾಲದಲ್ಲಿ ಕಲಿತದ್ದನ್ನು ನಾನು ಶಂಕರಘಟ್ಟದ ಜ್ಞಾನ ಸಹ್ಯಾದ್ರಿ ಆವರಣದಲ್ಲಿ 71,000 ರೂಪಾಯಿಯಲ್ಲಿ ಕಲಿತೆ. ಶುಲ್ಕ, ಪರೀಕ್ಷೆ, ಊಟ, ಶಿವಮೊಗ್ಗದಿಂದ 28 ಕಿಲೋಮೀಟರಿನ ಬಸ್ ಪಾಸು, ಪ್ರಬಂಧದ ಬೈಂಡಿಂಗಿಗೆ ಕೊಟ್ಟ 640 ರೂಪಾಯಿ ಎಲ್ಲವೂ ಅದರಲ್ಲಿ ಸೇರಿದೆ. ಆ ಲೆಕ್ಕ ಬರೆದಿಟ್ಟ ನೋಟ್‌ಬುಕ್ ಇಂದಿಗೂ ನನ್ನಲ್ಲಿದೆ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾದದ್ದೇ ನಮ್ಮಂಥ ಮನೆಗಳ ಮಕ್ಕಳಿಗಾಗಿ. ಅಭಿವೃದ್ಧಿ ಸಂವಹನವನ್ನು ನಾವೂ ಓದಿದ್ದೇವೆ. 1975–76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತಲುಪಿದಾಗ ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಒಂದು ಪೆಟ್ಟಿಗೆಯ ಮುಂದೆ ಊರೇ ಕೂತು ನೋಡಿದ ಆ ವರ್ಷದಿಂದ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದರ ಮೇಲೆ ನಮ್ಮ ಮೇಷ್ಟ್ರು ಮೂರು ವಾರ ಪಾಠ ಮಾಡಿದ್ದರು, ಅದೂ ಕನ್ನಡದಲ್ಲಿ.

ಪ್ರಶ್ನೆ ಕೇಳಿದವರು ಪದವಿಯ ಹೆಸರನ್ನು ಗಮನಿಸಬೇಕು. ಉಪನ್ಯಾಸಕ ಹುದ್ದೆಯ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಯಲ್ಲಿ ನಮ್ಮ ವಿಷಯದ ಹೆಸರು ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ, ಸಂಕೇತ ಸಂಖ್ಯೆ 63. ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲು ವರ್ಗಗಳಿಗೆ ಶೇ. 50 ಅಂಕ ಬೇಕು. ನಾನು ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದೆ. ಮೊದಲ ಸಲ ಎರಡು ಅಂಕಗಳಲ್ಲಿ, ಎರಡನೆಯ ಸಲ ಜ್ವರದಲ್ಲಿ ಪರೀಕ್ಷೆ ಬರೆದು ಹೋಯಿತು. ನನ್ನ ಜೊತೆ ಅತಿಥಿ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿದ ಹುಡುಗಿಯೊಬ್ಬಳ ಪದವಿಯಲ್ಲಿ ಪತ್ರಿಕೋದ್ಯಮ ಎಂಬ ಪದವಿಲ್ಲವೆಂಬ ಕಾರಣಕ್ಕೆ ಕಾಲೇಜಿನವರು ತತ್ಸಮಾನ ಪ್ರಮಾಣಪತ್ರ ಕೇಳಿದರು. ಅದು ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಸಾಮಾಜಿಕ ಬದಲಾವಣೆ ಎಂಬ ಎರಡು ಪದಗಳಿಗೆ ಐದು ಲಕ್ಷ ಹೆಚ್ಚು ಕೊಡುವುದು ಮಾರಾಟಕ್ಕೆ ಮರುಳಾಗುವುದೆಂದೇ ನನ್ನ ಅಭಿಪ್ರಾಯ.

ಉತ್ತರ – ಸಾಗರದ ಕಡೆಯವಳು

ನೀವು ಐದು ತಿಂಗಳಿಗೊಮ್ಮೆ ಗೌರವಧನ ಬರುವ ಹುದ್ದೆಯನ್ನೇ ಓದಿನ ಗುರಿಯೆಂದು ತಿಳಿದಿದ್ದೀರಿ. ಎಲ್ಲರೂ ಉಪನ್ಯಾಸಕರಾಗಲು ಓದುವುದಿಲ್ಲ. ನಾವು ಕೋಲಾರ ಜಿಲ್ಲೆಯ ಬೂದಿಕೋಟೆಗೆ ಹೋಗಿ, ಪರವಾನಗಿ ಸಿಗದ ಕಾಲದಲ್ಲಿ ಹಳ್ಳಿಯವರೇ ಕೇಬಲ್ ತಂತಿಯ ಮೂಲಕ 'ನಮ್ಮ ಧ್ವನಿ' ಎಂಬ ರೇಡಿಯೋ ನಡೆಸಿದ್ದು ಹೇಗೆಂದು ಅವರಿಂದಲೇ ಕೇಳಿ ಬಂದೆವು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಅದಕ್ಕೂ ಮುಂಚೆ ಒಂದು ಊರು ತನ್ನ ದನಿಯನ್ನು ತಾನೇ ಕೇಳಿಸಿಕೊಂಡಿತ್ತು. ಇದು ನೋಟ್ಸಿನಲ್ಲಿ ಸಿಗುವ ಪಾಠವಲ್ಲ.

ಉತ್ತರ – ಶಂಕರಘಟ್ಟದಲ್ಲಿ ಓದಿದವನು

ಗೌರವಧನ ತಡವಾಗುತ್ತದೆ, ನಿಜ. ಆದರೆ ಅದರಿಂದ ಬ್ಯಾಂಕಿನ ಕಂತು ಕಟ್ಟುವ ಹೊರೆ ನನಗಿಲ್ಲ. ಬೂದಿಕೋಟೆಗೆ ಬೆಂಗಳೂರಿನಿಂದ ಬಸ್ಸಿದೆ, ಅದಕ್ಕೆ ಎಂ.ಎ. ಬೇಕಿಲ್ಲ.

ಉತ್ತರ – ಹೆಗ್ಗೋಡಿನ ಪಕ್ಕದ ಊರಿನಿಂದ

ಇಬ್ಬರೂ ಪದವಿಯನ್ನೇ ಹಿಡಿದು ವಾದಿಸುತ್ತಿರುವುದರಿಂದ ಬರೆಯಲೇಬೇಕಾಯಿತು. ನಾನು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷ ಕಲಿತವನು. ಆ ಬಳಿಕ ಹದಿನೇಳು ವರ್ಷದಿಂದ ಶಾಲೆಗಳಲ್ಲಿ, ಕೇರಿಗಳಲ್ಲಿ ಮಕ್ಕಳಿಗೆ ನಾಟಕ ಮಾಡಿಸುತ್ತಿದ್ದೇನೆ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಯಾವ ವಿಭಾಗದಲ್ಲಿ ಎಂದು ನೋಡಿ: ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳು. ಸಂವಹನ ಎಂಬ ಪದವನ್ನು ಜಗತ್ತು ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯ ಕೆಲಸಕ್ಕೆ ಕೊಟ್ಟಿತು. ಅದಕ್ಕೂ ನಲವತ್ತು ವರ್ಷ ಹಿಂದೆ, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಎದ್ದು ನಿಂತಾಗ ಹೋರಾಟದ ಮುಂದಾಳು ಗಣಪತಿಯಪ್ಪನವರಂಥವರು ನಂಬಿದ್ದು ಮನೆಯಿಂದ ಮನೆಗೆ ನಡೆದು ಆಡಿದ ಮಾತನ್ನು. ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯಲ್ಲಿ ಒಡೆಯ ಮಾಡುವ ಮೋಸವನ್ನು ಗೇಣಿದಾರನಿಗೆ ಯಾವ ಕರಪತ್ರವೂ ಕಲಿಸಬೇಕಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬೇಕಾಗಿತ್ತು.

ನನಗೂ ಕಷ್ಟವಿಲ್ಲದೆ ಇಲ್ಲ. ಕಳೆದ ವರ್ಷ ಮೂವತ್ತೊಂದು ಪ್ರದರ್ಶನ ಮಾಡಿದೆವು. ವಾಹನ, ಡೀಸೆಲ್, ಬೆಳಕು ಕಳೆದು ನನ್ನ ಪಾಲಿಗೆ 58,000 ಉಳಿಯಿತು. ಮಳೆಗಾಲದ ನಾಲ್ಕು ತಿಂಗಳು ಒಂದು ರೂಪಾಯಿ ಆದಾಯವಿಲ್ಲ. ಅನುದಾನಕ್ಕೆ ಅರ್ಜಿ ಹಾಕಿದರೆ ಸ್ನಾತಕೋತ್ತರ ಪದವಿ ಇದೆಯೇ ಎಂಬ ಕಾಲಂ ಇರುತ್ತದೆ, ಅದನ್ನು ಖಾಲಿ ಬಿಡುವಾಗ ಹೊಟ್ಟೆಯುರಿಯುತ್ತದೆ. ನನಗಿಂತ ಹದಿನೈದು ವರ್ಷ ಚಿಕ್ಕವರು ಆ ಕಾಲಂ ತುಂಬಿ, ನನ್ನನ್ನೇ ಸಂಪನ್ಮೂಲ ವ್ಯಕ್ತಿಯೆಂದು ದಿನಕ್ಕೆ 800 ರೂಪಾಯಿಗೆ ಕರೆಯುತ್ತಾರೆ.

ಉತ್ತರ – ಆರೋಗ್ಯ ಕೇಂದ್ರವೊಂದರಿಂದ

ಮೊದಲ ಉತ್ತರ ಬರೆದ ಸಹೋದರಿಗೆ ನನ್ನ ಮಾತು. ನಾನು ಮಂಗನ ಕಾಯಿಲೆಯ ಸೀಮೆಯಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿರುವವಳು. ಎಣ್ಣೆ ಹಚ್ಚಿದರೆ ಕತ್ತಿ ಜಾರುತ್ತದೆಂಬ ಮಾತನ್ನು ನಾವು ನಿಮಗಿಂತ ಎಷ್ಟೋ ಮುಂಚೆ, ಸಭೆಯಿಂದ ಸಭೆಗೆ ಹೇಳುತ್ತಲೇ ಬಂದಿದ್ದೆವು. ಕಾಡಿನಿಂದ ದರಗು (ಒಣ ಎಲೆ) ತರಲು ಹೋಗುವ ಹೆಂಗಸರು ಸೀರೆಯ ನೆರಿಗೆಗೆ ಉಣುಗು ಅಂಟಿಸಿಕೊಂಡು ಬರುತ್ತಾರೆ, ಎಣ್ಣೆಯನ್ನು ಎಲ್ಲಿ ಹಚ್ಚಬೇಕೆಂದು ಅವರನ್ನೇ ಕೇಳಿ ಎಂದೂ ಹೇಳಿದ್ದೆವು. ನಡಾವಳಿಯಲ್ಲಿ ಅದು ಬರಲಿಲ್ಲ, ಏಕೆಂದರೆ ಹೇಳಿದವರು ಆಶಾ ಕಾರ್ಯಕರ್ತೆಯರು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆ ಮತ್ತು 2019ರಲ್ಲಿ ಈ ಕಾಯಿಲೆಯಿಂದ ಸಾವುಗಳಾದಾಗ ಸುತ್ತಲಿನ ಊರುಗಳಲ್ಲಿ ಬಾಗಿಲಿಂದ ಬಾಗಿಲಿಗೆ ಹೋದವರು ಅವರೇ. ಲಸಿಕೆ ಹಾಕಿದ ಜಾಗ ಎರಡು ದಿನ ಉರಿಯುತ್ತದೆ, ಕೊಯ್ಲಿನ ಸಮಯದಲ್ಲಿ ಬೇಡವೆಂದು ಜನ ಬಾಗಿಲು ಹಾಕಿಕೊಂಡರೆ, ಒಂದು ತಿಂಗಳ ಅಂತರದ ಎರಡನೆಯ ಡೋಸಿಗೆ ಮತ್ತೆ ಅದೇ ಬಾಗಿಲು ತಟ್ಟಬೇಕಾಗಿತ್ತು. ನಿಮ್ಮಂಥ ವಿದ್ಯಾರ್ಥಿಗಳು ಹನ್ನೊಂದು ವಾರಕ್ಕೆ ಬರುತ್ತೀರಿ, ಅಜ್ಜಿಯ ಮಾತು ಕೇಳುತ್ತೀರಿ, ಅದು ನಿಮ್ಮ ವರದಿಯಲ್ಲಿ ನಿಮ್ಮ ಶೋಧವಾಗುತ್ತದೆ. ಆ ವರದಿಯ ಒಂದು ಪ್ರತಿಯೂ ನಮ್ಮ ಕೇಂದ್ರಕ್ಕೆ ಮರಳಿ ಬಂದಿಲ್ಲ.

ನಾನೂ ದೂರಶಿಕ್ಷಣದಲ್ಲಿ ಎಂ.ಎ. ಮಾಡಿದೆ, ಪರೀಕ್ಷೆಗೆ ರಜೆ ಸಿಗದೆ ಒಂದು ವರ್ಷ ಕಳೆದುಕೊಂಡೆ. ನನ್ನ ಹುದ್ದೆಗೆ ಅದರಿಂದ ಏನೂ ಸೇರಲಿಲ್ಲ. ಆದರೂ ಓದಿದೆ, ಏಕೆಂದರೆ ಸಭೆಯಲ್ಲಿ ಮಾತಾಡುವಾಗ ನನ್ನನ್ನು ತಡೆಯುವವರು ಸ್ವಲ್ಪ ಕಡಿಮೆಯಾದರು.

ಉತ್ತರ – ಹೆಗ್ಗೋಡಿನ ಪಕ್ಕದ ಊರಿನಿಂದ

ಇದನ್ನೇ ನಾನು ಹೇಳಿದ್ದು. ಕಲಿತವರು ಬರುತ್ತಾರೆ, ಕೊಂಡೊಯ್ಯುತ್ತಾರೆ.

ಉತ್ತರ – ಸಾಗರದ ಕಡೆಯವಳು

ನಾಟಕದವರು ಈ ಮಾತಿನ ಲಾಭ ಪಡೆಯುವುದು ಬೇಡ. ನಿಮ್ಮ ತಂಡವೂ ಮಂಗನ ಕಾಯಿಲೆಯ ಬಗ್ಗೆ ಆಡಿದ ನಾಟಕದಲ್ಲಿ ಎಣ್ಣೆ ಹಚ್ಚದ ರೈತನನ್ನು ಕುಡುಕನನ್ನಾಗಿ ತೋರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಊರಿನ ಹೆಂಗಸರು ನಗಲಿಲ್ಲ.

ಆರೋಗ್ಯ ಕೇಂದ್ರದವರಿಗೆ ನನ್ನಲ್ಲಿ ಉತ್ತರವಿಲ್ಲ. ನಮಗೆ ಶಿಕ್ಷಣ ಚಿಂತಕ ಪಾಲೊ ಫ್ರೇರೆಯ ಬಗ್ಗೆ ಒಂದಿಡೀ ಪತ್ರಿಕೆ ಇತ್ತು. 1963ರಲ್ಲಿ ಅವರು ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ ಸುಮಾರು 300 ಮಂದಿ ಕೂಲಿಕಾರರಿಗೆ ಅವರ ದಿನದ ಬದುಕಿನ ಪದಗಳಿಂದಲೇ ನಲವತ್ತು ಗಂಟೆಗಳಲ್ಲಿ ಓದು ಬರಹ ಕಲಿಸಿದ್ದನ್ನು ನಾನು ಹತ್ತು ಅಂಕಕ್ಕೆ ಬರೆದಿದ್ದೇನೆ, ಒಂಬತ್ತು ಬಂದಿತ್ತು. ಆದರೆ ನನ್ನ ಕ್ಷೇತ್ರಕಾರ್ಯದ ಊರಿನ ಆಶಾ ಕಾರ್ಯಕರ್ತೆಯ ಮನೆಯಲ್ಲೇ ಎಂಟು ರಾತ್ರಿ ಉಳಿದಿದ್ದೆ. ಅಜ್ಜಿಯ ಮನೆಗೆ ಕರೆದುಕೊಂಡು ಹೋದವರೂ ಅವರೇ. ವರದಿಯಲ್ಲಿ ಅವರನ್ನು ಸ್ಥಳೀಯ ಸಹಾಯಕಿ ಎಂದು ಬರೆದಿದ್ದೇನೆ. ಇಂಗ್ಲಿಷಿನಲ್ಲೇ ಸಲ್ಲಿಸಬೇಕೆಂಬ ನಿಯಮವಿದ್ದದ್ದು ನಿಜ, ಆದರೆ ಆಮೇಲೆ ಕನ್ನಡಕ್ಕೆ ತರಬೇಡವೆಂದು ಯಾರೂ ಹೇಳಿರಲಿಲ್ಲ.

ಮತ್ತೆ ಪ್ರಶ್ನೆ – ಹೊಸನಗರ ತಾಲ್ಲೂಕಿನಿಂದ

ಎಲ್ಲರಿಗೂ ಧನ್ಯವಾದಗಳು. ಕೊಯ್ಲಿಗೆ ಊರಿಗೆ ಬರಲು ಸಾಧ್ಯವೇ ಎಂಬುದನ್ನು ಯಾರೂ ಹೇಳಲಿಲ್ಲ. ನಮ್ಮ ಬ್ಯಾಂಕಿನವರೂ ಇವತ್ತು ಪಹಣಿ ತನ್ನಿ ಎಂದಿದ್ದಾರೆ.

ಉತ್ತರ – ಶಂಕರಘಟ್ಟದಲ್ಲಿ ಓದಿದವನು

ಶಂಕರಘಟ್ಟದಿಂದಾದರೆ ಶನಿವಾರ ಹೊರಟು ಊರು ಸೇರಬಹುದು. ನಾನು ಎರಡೂ ವರ್ಷ ಅಡಿಕೆ ಸುಲಿಯುವ ದಿನಗಳಲ್ಲಿ ಮನೆಯಲ್ಲಿದ್ದೆ. ಹಾಜರಾತಿ ಮಾತ್ರ ಶೇ. 75ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ.

ಉತ್ತರ – ಸಾಗರದ ಕಡೆಯವಳು

ಪಹಣಿ ಕೊಡಬೇಡಿ. ನಾನು ಬ್ಯಾಂಕಿಗೆ ಬರೆದ ಅರ್ಜಿಯ ಪ್ರತಿಯನ್ನು ಕಳುಹಿಸುತ್ತೇನೆ. ಹೆಸರು, ಮೊತ್ತ ಬದಲಿಸಿಕೊಂಡು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಮ್ಮಲ್ಲಿ ಕ್ಷೇತ್ರಕಾರ್ಯ ಮೂರನೆಯ ಸೆಮಿಸ್ಟರಿನ ನವೆಂಬರ್‌ನಿಂದ ಜನವರಿಯವರೆಗೆ ಇತ್ತು, ಊರನ್ನು ನಾವೇ ಆರಿಸಬಹುದಿತ್ತು. ನಿಮ್ಮಲ್ಲೂ ಹಾಗೆಯೇ ಇದೆಯೇ ಎಂದು ಕಂತು ಕಟ್ಟುವ ಮೊದಲೇ ಬರೆದು ಕೇಳಿ. ಹಾಗಿದ್ದರೆ ಒಂದು ಕೊಯ್ಲಿಗಾದರೂ ತಂದೆಯವರ ಜೊತೆಯಲ್ಲಿರುತ್ತೀರಿ. ಇನ್ನೊಂದು ಕೊಯ್ಲಿಗೆ ಆಳು ಮಾಡಲೇಬೇಕು, ಆ ಕೂಲಿಯನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಆರೋಗ್ಯ ಕೇಂದ್ರದವರೇ, ನನ್ನ ವರದಿ 84 ಪುಟವಿದೆ. ಕನ್ನಡಕ್ಕೆ ತಂದು ಡಿಸೆಂಬರ್ ಒಳಗೆ ಕಳುಹಿಸುತ್ತೇನೆ. ಆಶಾ ಕಾರ್ಯಕರ್ತೆಯರು ಏನು ಹೇಳಿದ್ದರೆಂಬುದನ್ನು ಅವರನ್ನೇ ಕೇಳಿ ಬರೆದು, ಒಪ್ಪುವವರ ಹೆಸರನ್ನೂ ಹಾಕುತ್ತೇನೆ.

ಉತ್ತರ – ಆರೋಗ್ಯ ಕೇಂದ್ರವೊಂದರಿಂದ

ಡಿಸೆಂಬರ್‌ಗೆ ಉಣುಗು ಕಾಡಿನಲ್ಲಿ ಆಗಲೇ ಎದ್ದಿರುತ್ತದೆ, ಆಮೇಲೆ ನಮಗೆ ಓದಲು ಬಿಡುವಿರುವುದಿಲ್ಲ. ಎಣ್ಣೆಯ ಅಧ್ಯಾಯವನ್ನಾದರೂ ಅಕ್ಟೋಬರ್ ಒಳಗೆ ಕಳುಹಿಸಿ. ಮೊಬೈಲಿಗೆ ಬೇಡ, ಇಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮುದ್ರಿಸಿದ ಆರು ಪ್ರತಿ ಬಸ್ಸಿನಲ್ಲಿ ಕಳುಹಿಸಿದರೆ ನಾನು ಇಳಿಸಿಕೊಳ್ಳುತ್ತೇನೆ.