ಮನೆಯ ಫೈರ್‌ವಾಲ್‌ಗೆ ಹಳೇ ಡೆಸ್ಕ್‌ಟಾಪ್ ಸಾಕೇ, ಮಿನಿ ಪಿಸಿ ಬೇಕೇ?

ತಂತಿಜಾಲ (ಪ್ರಶ್ನೆ):

ಮನೆಗೆ ಓಪಿಎನ್‌ಸೆನ್ಸ್ (ಮನೆಯ ಜಾಲವನ್ನು ಕಾಯುವ ಫೈರ್‌ವಾಲ್ ತಂತ್ರಾಂಶ) ಹಾಕಬೇಕೆಂದಿದ್ದೇನೆ. ಲೈನು 500 ಎಂಬಿಪಿಎಸ್ ಫೈಬರ್, ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲೈನು ಸೇರುವ ವಿಧಾನ) ಲಾಗಿನ್. ಕೈಯಲ್ಲಿರುವುದು ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್ ಇರುವ ಸ್ಲಿಮ್ ಡೆಸ್ಕ್‌ಟಾಪ್. ಬೋರ್ಡಿನಲ್ಲಿ ಒಂದೇ ಒಂದು ರಿಯಲ್‌ಟೆಕ್ ಪೋರ್ಟ್ ಇದೆ. ಕ್ಯಾಮೆರಾ ಮತ್ತು ಟಿವಿಗಳನ್ನು ಮನೆಯ ಕಂಪ್ಯೂಟರ್‌ಗಳಿಂದ ಬೇರ್ಪಡಿಸಬೇಕು, ಹೊರಗಿನಿಂದ ವೈರ್‌ಗಾರ್ಡ್ (ಸುರಕ್ಷಿತ ವಿಪಿಎನ್ ಸಂಪರ್ಕ) ಮೂಲಕ ಒಳಗೆ ಬರಬೇಕು, ಸಾಧ್ಯವಾದರೆ ಸುರಿಕಾಟಾ (ದಾಳಿಗಳನ್ನು ಪತ್ತೆಹಚ್ಚುವ ತಂತ್ರಾಂಶ) ಕೂಡ ಓಡಬೇಕು. ಎರಡನೇ ಪೋರ್ಟ್‌ಗೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಸಾಕೇ? ಅಥವಾ ಎನ್100 (ಇಂಟೆಲ್‌ನ ಕಡಿಮೆ ವಿದ್ಯುತ್ತಿನ ಪ್ರೊಸೆಸರ್) ಇರುವ ಮಿನಿ ಪಿಸಿಯನ್ನೇ ಕೊಳ್ಳಬೇಕೇ? ಖರ್ಚು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಪ್ಯಾಕೆಟ್‌ಪಾಲಕ:

ಯುಎಸ್‌ಬಿ ಅಡಾಪ್ಟರ್ ಬೇಡವೇ ಬೇಡ. ಓಪಿಎನ್‌ಸೆನ್ಸ್ ನಿಂತಿರುವುದು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಅಲ್ಲಿ ಈ ಅಡಾಪ್ಟರ್‌ಗಳು ಲೋಡ್ ಹೆಚ್ಚಾದಾಗ ಬಸ್‌ನಿಂದ ಕಳಚಿಕೊಂಡು ಮತ್ತೆ ಸೇರಿಕೊಳ್ಳುವುದುಂಟು. ಅಷ್ಟರಲ್ಲಿ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ ಸಂಪರ್ಕ) ಬಿದ್ದಿರುತ್ತದೆ, ಕೆಲವೊಮ್ಮೆ ರೀಬೂಟ್ ಮಾಡುವವರೆಗೂ ಏಳುವುದಿಲ್ಲ.

ನಿಮ್ಮ ಸಿಪಿಯುಗೆ 500 ಎಂಬಿಪಿಎಸ್ ಏನೂ ಅಲ್ಲ. ನಿಮಗೆ ಬೇಕಿರುವುದು ಒಳ್ಳೆಯ ನೆಟ್‌ವರ್ಕ್ ಕಾರ್ಡ್ ಮಾತ್ರ. ಸರ್ವರ್‌ನಿಂದ ತೆಗೆದ, ಬಳಸಿದ ಇಂಟೆಲ್ ಐ350-ಟಿ2 ಹುಡುಕಿ, ಎರಡು ಗಿಗಾಬಿಟ್ ಪೋರ್ಟ್ ಸಿಗುತ್ತವೆ. ಅದು ಪಿಸಿಐಇ ಎಕ್ಸ್4 (ನಾಲ್ಕು ಲೇನಿನ) ಕಾರ್ಡ್, ಗ್ರಾಫಿಕ್ಸ್‌ಗೆಂದು ಇರುವ ಎಕ್ಸ್16 ಸ್ಲಾಟ್‌ನಲ್ಲೂ ಕೂರುತ್ತದೆ. ನಿಮ್ಮದು ಸ್ಲಿಮ್ ಕ್ಯಾಬಿನೆಟ್ ಆದ್ದರಿಂದ ಗಿಡ್ಡ ಬ್ರಾಕೆಟ್ ಜೊತೆಗಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಉದ್ದನೆಯದು ಬಂದರೆ ಕವರ್ ಮುಚ್ಚುವುದಿಲ್ಲ. ಐ350ರ ನಕಲಿಗಳು ಬಹಳ ಇವೆ, ಹಾಗಾಗಿ ‘ಹೊಚ್ಚ ಹೊಸದು’ ಎಂದು ತೀರಾ ಅಗ್ಗಕ್ಕೆ ಕೊಡುವುದಕ್ಕಿಂತ ಡೆಲ್ ಅಥವಾ ಎಚ್‌ಪಿ ಸರ್ವರ್‌ನ ಹಳೇ ಕಾರ್ಡೇ ವಾಸಿ.

ಬೋರ್ಡಿನ ರಿಯಲ್‌ಟೆಕ್ ಪೋರ್ಟನ್ನು ವ್ಯಾನ್‌ಗೂ ಲ್ಯಾನ್‌ಗೂ (ಮನೆಯೊಳಗಿನ ಜಾಲಕ್ಕೂ) ಬಳಸಬೇಡಿ. ಫ್ರೀಬಿಎಸ್‌ಡಿಯ ‘ಆರ್‌ಇ’ ಡ್ರೈವರ್‌ನಲ್ಲಿ ಲೋಡ್ ಹೆಚ್ಚಾದರೆ ‘ವಾಚ್‌ಡಾಗ್ ಟೈಮೌಟ್’ ಎಂದು ಲಾಗ್‌ಗೆ ಬಿದ್ದು ಪೋರ್ಟ್ ಸ್ತಬ್ಧವಾಗುತ್ತದೆ. ಬಳಸಲೇಬೇಕಾದರೆ ‘ಓಎಸ್-ರಿಯಲ್‌ಟೆಕ್-ಆರ್‌ಇ’ ಪ್ಲಗಿನ್ ಹಾಕಿ.

ಕಡಿಮೆವ್ಯಾಟ್:

ಕರೆಂಟಿನ ಲೆಕ್ಕವನ್ನೂ ನೋಡಬೇಕಲ್ಲವೇ? ಈ ಪೆಟ್ಟಿಗೆ ವರ್ಷವಿಡೀ ಆರುವುದಿಲ್ಲ. ಡೆಸ್ಕ್‌ಟಾಪ್ ಸುಮ್ಮನಿದ್ದಾಗ 30 ವ್ಯಾಟ್ ಎಳೆದರೆ ವರ್ಷಕ್ಕೆ ಸುಮಾರು 263 ಯೂನಿಟ್. ಮಿನಿ ಪಿಸಿ 10 ವ್ಯಾಟ್ ಎಳೆದರೆ 88 ಯೂನಿಟ್. ಈ ವ್ಯತ್ಯಾಸವನ್ನು ನಿಮ್ಮ ದರದಿಂದ ಗುಣಿಸಿ, ಮಿನಿ ಪಿಸಿಯ ಬೆಲೆ ಎಷ್ಟು ವರ್ಷದಲ್ಲಿ ಹುಟ್ಟುತ್ತದೆ ನೋಡಿ. ಮೊದಲು ಪ್ಲಗ್ ಮೀಟರ್ ಇಟ್ಟು ನಿಮ್ಮ ಯಂತ್ರವನ್ನು ಅಳೆಯಿರಿ, ಅಂದಾಜಿನ ಮೇಲೆ ಕೊಳ್ಳಬೇಡಿ.

ಎನ್100 ಕೊಳ್ಳುವುದೇ ಆದರೆ ಇಂಟೆಲ್ ಐ226-ವಿ ನೆಟ್‌ವರ್ಕ್ ಚಿಪ್‌ನ ಪೋರ್ಟ್‌ಗಳಿರುವುದನ್ನು ಆರಿಸಿ. ಅದರ ಹಿಂದಿನ ಐ225-ವಿಯ ಮೊದಮೊದಲ ಆವೃತ್ತಿಗಳಲ್ಲಿ ಲಿಂಕ್ ಕಡಿದುಹೋಗುವ ಹಾರ್ಡ್‌ವೇರ್ ದೋಷವಿತ್ತು, ಬಿ3 ಆವೃತ್ತಿಯಲ್ಲಿ ಸರಿಯಾಯಿತು. ಐ226ರಲ್ಲೂ ಲಿಂಕ್ ಬಿದ್ದು ಏಳುತ್ತಿದ್ದರೆ ಬಯೋಸ್‌ನಲ್ಲಿ ಎಎಸ್‌ಪಿಎಂ (ವಿದ್ಯುತ್ ಉಳಿಸುವ ಸೆಟ್ಟಿಂಗ್) ಆಫ್ ಮಾಡಿ. ಜೆ1900 ಪ್ರೊಸೆಸರ್ ಇರುವ ಹಳೇ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಎಇಎಸ್-ಎನ್‌ಐ (ಗೂಢಲಿಪೀಕರಣವನ್ನು ವೇಗವಾಗಿಸುವ ಸಿಪಿಯು ಸೌಲಭ್ಯ) ಇಲ್ಲ, ಓಪನ್‌ವಿಪಿಎನ್ (ಇನ್ನೊಂದು ವಿಪಿಎನ್) ತೆವಳುತ್ತದೆ. ವೈರ್‌ಗಾರ್ಡ್ ಬಳಸುವುದು ಚಾಚಾ20 ಎಂಬ ಬೇರೆ ಗೂಢಲಿಪಿ, ಅದಕ್ಕೆ ಎಇಎಸ್-ಎನ್‌ಐ ಬೇಕಿಲ್ಲ.

ಒಂದೇಕೋರ್:

ಇಲ್ಲಿಯವರೆಗೆ ಯಾರೂ ಪಿಪಿಪಿಒಇ ಬಗ್ಗೆ ಹೇಳಿಲ್ಲ, ನನಗೆ ಅದೇ ಮುಖ್ಯ. ಸಾಮಾನ್ಯವಾಗಿ ಕಾರ್ಡು ಒಳಬರುವ ಪ್ಯಾಕೆಟ್‌ನ ಐಪಿ ವಿಳಾಸ, ಪೋರ್ಟ್ ಸಂಖ್ಯೆ ನೋಡಿ ಬೇರೆ ಬೇರೆ ಕ್ಯೂಗಳಿಗೆ ಹಂಚುತ್ತದೆ, ಒಂದೊಂದು ಕ್ಯೂ ಒಂದೊಂದು ಕೋರ್‌ಗೆ. ಪಿಪಿಪಿಒಇ ಲೈನಿನಲ್ಲಿ ಐಪಿ ಹೆಡರ್ ಇನ್ನೊಂದು ಹೊದಿಕೆಯೊಳಗಿರುತ್ತದೆ. ಕಾರ್ಡಿಗೆ ಅದು ಕಾಣದೆ ಎಲ್ಲವೂ ಒಂದೇ ಕ್ಯೂಗೆ, ಅಂದರೆ ಒಂದೇ ಕೋರ್‌ಗೆ ಬೀಳುತ್ತದೆ. ಹಾಗಾಗಿ ಕೋರ್‌ಗಳೆಷ್ಟು ಎನ್ನುವುದಕ್ಕಿಂತ ಒಂದು ಕೋರ್‌ನ ವೇಗ ನೋಡಬೇಕು. ಪಿಸಿ ಎಂಜಿನ್ಸ್ ಎಪಿಯು2 ಎಂಬ ಪುಟ್ಟ ರೌಟರ್ ಬೋರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ: ನಾಲ್ಕು ಕೋರ್ ಇದ್ದರೂ ತಲಾ 1 ಗಿಗಾಹರ್ಟ್ಸ್ ಮಾತ್ರ, ಪಿಪಿಪಿಒಇಯಲ್ಲಿ ಬೇಗ ಸುಸ್ತಾಗುತ್ತದೆ. ನಿಮ್ಮ ಐ5, ಎನ್100 ಎರಡಕ್ಕೂ 500 ಎಂಬಿಪಿಎಸ್ ಸಲೀಸು.

ಪರೀಕ್ಷಿಸುವಾಗ ಡೌನ್‌ಲೋಡ್ ಹಾಕಿ ‘ಟಾಪ್ -ಪಿ’ (ಪ್ರತಿ ಕೋರ್‌ನ ಬಳಕೆ ತೋರಿಸುವ ಆದೇಶ) ನೋಡಿ. ಒಂದು ಕೋರ್ ನೂರಕ್ಕೆ ಮುಟ್ಟಿ ಉಳಿದವು ಸುಮ್ಮನಿದ್ದರೆ ಟ್ಯೂನಬಲ್ಸ್ (ಸೂಕ್ಷ್ಮ ಸೆಟ್ಟಿಂಗ್‌ಗಳ) ಪುಟದಲ್ಲಿ ‘ನೆಟ್.ಐಎಸ್‌ಆರ್.ಡಿಸ್ಪ್ಯಾಚ್’ ಅನ್ನು ‘ಡಿಫರ್ಡ್’ ಮಾಡಿ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇರಲಿ. 1500 ಇದ್ದರೆ ಕೆಲವು ತಾಣಗಳು ತೆರೆದುಕೊಂಡು ಕೆಲವು ಅರ್ಧಕ್ಕೇ ನಿಲ್ಲುತ್ತವೆ, ಕಾರಣ ಹುಡುಕುವುದು ಕಷ್ಟ.

ಸುರಿಕಾಟಾವನ್ನು ನೆಟ್‌ಮ್ಯಾಪ್ (ಪ್ಯಾಕೆಟ್‌ಗಳನ್ನು ನೇರವಾಗಿ ಹಿಡಿಯುವ ವ್ಯವಸ್ಥೆ) ನೆಚ್ಚಿಕೊಂಡಿರುವ ತಡೆಯುವ ಮೋಡ್‌ನಲ್ಲಿ ಪಿಪಿಪಿಒಇ ಇಂಟರ್‌ಫೇಸ್ ಮೇಲೆ ಓಡಿಸಲಾಗದು, ನೆಟ್‌ಮ್ಯಾಪ್‌ಗೆ ಅಲ್ಲಿ ಬೆಂಬಲವಿಲ್ಲ. ಲ್ಯಾನ್ ಮೇಲೆ ಹಾಕಿ. ಯಾವ ಯಂತ್ರದಿಂದ ತೊಂದರೆ ಎಂಬುದೂ ಅಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಚೆಕ್‌ಸಮ್, ಟಿಎಸ್‌ಒ, ಎಲ್‌ಆರ್‌ಒ ಆಫ್‌ಲೋಡ್‌ಗಳು (ಸಿಪಿಯು ಬದಲು ಕಾರ್ಡೇ ಮಾಡುವ ಕೆಲಸಗಳು) ಮೂರನ್ನೂ ಆಫ್ ಮಾಡಿ. 8 ಜಿಬಿ ರ‍್ಯಾಮ್ ಸಾಕು, ಎಲ್ಲ ನಿಯಮಗಳನ್ನೂ ಒಟ್ಟಿಗೆ ಆನ್ ಮಾಡದಿದ್ದರೆ.

ತಂತಿಜಾಲ:

ಹಾಗಾದರೆ ಈಗಿರುವ ಯಂತ್ರಕ್ಕೇ ಐ350-ಟಿ2 ಹಾಕುತ್ತೇನೆ. ನೆಟ್‌ವರ್ಕ್ ಬೇರ್ಪಡಿಸಲು ಸ್ವಿಚ್ ಎಂಥದ್ದಿರಬೇಕು? ಈಗಿನ ವೈಫೈ ರೌಟರನ್ನು ಉಳಿಸಿಕೊಳ್ಳಬಹುದೇ?

ಪ್ಯಾಕೆಟ್‌ಪಾಲಕ:

802.1ಕ್ಯೂ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ಜಾಲಗಳಾಗಿ ಒಡೆಯುವ ವಿಧಾನ) ಇರುವ ಎಂಟು ಪೋರ್ಟ್‌ನ ಸ್ವಿಚ್ ಸಾಕು, ಟಿಪಿ-ಲಿಂಕ್ ಟಿಎಲ್-ಎಸ್‌ಜಿ108ಇ ಥರದ್ದು. ಹೆಸರಿನ ಕೊನೆಯ ‘ಇ’ ಬಿಡಬೇಡಿ, ಅದಿಲ್ಲದ ಎಸ್‌ಜಿ108ರಲ್ಲಿ ಸೆಟ್ಟಿಂಗೇ ಇಲ್ಲ. ಮನೆಗೆ ವಿಲ್ಯಾನ್ 10, ಕ್ಯಾಮೆರಾ-ಟಿವಿಗೆ 20 ಎಂದಿಟ್ಟುಕೊಳ್ಳಿ. ಫೈರ್‌ವಾಲ್‌ಗೆ ಹೋಗುವ ಪೋರ್ಟ್ 1 ಎರಡರಲ್ಲೂ ಟ್ಯಾಗ್ಡ್ (ಪ್ಯಾಕೆಟ್ ಮೇಲೆ ವಿಲ್ಯಾನ್ ಸಂಖ್ಯೆ ಬರೆದಿರುತ್ತದೆ). 2ರಿಂದ 5 ವಿಲ್ಯಾನ್ 10ರಲ್ಲಿ, 6ರಿಂದ 8 ವಿಲ್ಯಾನ್ 20ರಲ್ಲಿ ಅನ್‌ಟ್ಯಾಗ್ಡ್ (ಸಂಖ್ಯೆ ಇಲ್ಲದೆ). ಹೆಚ್ಚಿನವರು ಎಡವುವುದು ಇದಾದ ಮೇಲೆ: ಪಿವಿಐಡಿ (ಟ್ಯಾಗ್ ಇಲ್ಲದೆ ಬಂದ ಪ್ಯಾಕೆಟ್ ಯಾವ ವಿಲ್ಯಾನ್‌ಗೆ ಎಂಬ ಸೆಟ್ಟಿಂಗ್) ಬೇರೆ ಪುಟದಲ್ಲಿದೆ, ಅಲ್ಲೂ ಅದೇ ಅಂಕಿ ಕೊಡಬೇಕು. ಕೊಡದಿದ್ದರೆ ಯಂತ್ರ ಕಳಿಸಿದ್ದು ವಿಲ್ಯಾನ್ 1ಕ್ಕೆ ಹೋಗಿ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಸೇವೆ) ವಿಳಾಸವೇ ಬರುವುದಿಲ್ಲ.

ಫೈರ್‌ವಾಲ್‌ನಲ್ಲಿ ವಿಲ್ಯಾನ್ 20ರ ನಿಯಮಗಳ ಕ್ರಮ ಮುಖ್ಯ. ಡಿಎನ್‌ಎಸ್‌ಗೆ (ತಾಣದ ಹೆಸರಿನಿಂದ ವಿಳಾಸ ಹುಡುಕುವ ಸೇವೆ) ಅನುಮತಿ ಮೊದಲು, ಆಮೇಲೆ ವಿಲ್ಯಾನ್ 10ಕ್ಕೂ ಫೈರ್‌ವಾಲ್‌ನ ಪುಟಕ್ಕೂ ತಡೆ, ಕೊನೆಗೆ ಹೊರಗೆ ಹೋಗಲು ಅನುಮತಿ. ಮೇಲಿನಿಂದ ಮೊದಲು ಹೊಂದುವ ನಿಯಮವೇ ಗೆಲ್ಲುತ್ತದೆ.

ಹಳೇ ರೌಟರ್ ಇರಲಿ. ಅದರ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸವನ್ನು ಮನೆಯ ಐಪಿ ವಿಳಾಸಗಳ ಸಾಲಿನಲ್ಲೇ ಖಾಲಿ ಇರುವ ಒಂದಕ್ಕೆ ಬದಲಿಸಿ, ಸ್ವಿಚ್‌ನ ತಂತಿಯನ್ನು ಅದರ ಲ್ಯಾನ್ ಪೋರ್ಟ್‌ಗೆ ಹಾಕಿ, ವ್ಯಾನ್ ಪೋರ್ಟ್‌ಗಲ್ಲ. ಆದರೆ ಅದರ ವೈಫೈ ಪೂರ್ತಿ ಒಂದೇ ವಿಲ್ಯಾನ್‌ನಲ್ಲಿರುತ್ತದೆ. ಟಿವಿ ವೈಫೈನಲ್ಲಿದ್ದರೆ ಬೇರ್ಪಡುವುದಿಲ್ಲ. ಅದಕ್ಕೆ ತಂತಿ ಎಳೆಯಿರಿ, ಇಲ್ಲವೇ ರೌಟರ್ ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗಳಿಗೆ ಹಾಕುವ ಮುಕ್ತ ತಂತ್ರಾಂಶ) ಬೆಂಬಲಿಸುವ ಪಟ್ಟಿಯಲ್ಲಿದ್ದರೆ ಅದನ್ನು ಹಾಕಿ ಎರಡು ಎಸ್‌ಎಸ್‌ಐಡಿ (ವೈಫೈ ಹೆಸರು) ಮಾಡಿ.

ಕಡಿಮೆವ್ಯಾಟ್:

ಇನ್ನೆರಡು ಮಾತು. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವಂತೆ ಇಡಿ, ಇನ್‌ಸ್ಟಾಲ್ ಮಾಡುವಾಗ ಡಿಸ್ಕ್‌ನ ಕಡತ ವ್ಯವಸ್ಥೆಯಾಗಿ ಯುಎಫ್‌ಎಸ್ ಬದಲು ಝಡ್‌ಎಫ್‌ಎಸ್ ಆರಿಸಿ. ದಿಢೀರ್ ಆರಿದರೆ ಯುಎಫ್‌ಎಸ್ ಕೆಡುವ ಸಾಧ್ಯತೆ ಹೆಚ್ಚು. ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ಲಾಗಿನ್ ಕೆಲಸವನ್ನು ಫೈರ್‌ವಾಲ್‌ಗೆ ಬಿಟ್ಟು ಬರಿಯ ಸಂಪರ್ಕ ದಾಟಿಸುವ ಮೋಡ್) ಹಾಕಿಸುವಾಗ ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಜೊತೆಗೆ ವ್ಯಾನ್‌ನ ವಿಲ್ಯಾನ್ ಸಂಖ್ಯೆಯನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಲೈನಿಗೆ ಟ್ಯಾಗ್ ಬೇಕಿದ್ದು ನೀವು ಹಾಕದಿದ್ದರೆ ಲಾಗಿನ್‌ಗೆ ಆ ಕಡೆಯಿಂದ ಉತ್ತರವೇ ಬರುವುದಿಲ್ಲ.